ಅಪ್ಪನ ಸೇವೆ, ಮಕ್ಕಳ ಕಾಲೇಜು



ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಎರಡು ಬಗೆಯ ಲೆಕ್ಕ ನಡೆಯುತ್ತದೆ. ಮಕ್ಕಳದು ಒಂದು ಲೆಕ್ಕ: ಎಷ್ಟು ಅಂಕ ಬಂತು, ಯಾವ ಕೋರ್ಸು ಸಿಗುತ್ತದೆ, ಗೆಳತಿ ಯಾವ ಕಾಲೇಜಿಗೆ ಹೋಗುತ್ತಾಳೆ. ತಂದೆತಾಯಿಯರದು ಇನ್ನೊಂದು ಲೆಕ್ಕ: ಫೀಸು ಎಷ್ಟು, ಹಾಸ್ಟೆಲ್ ಎಷ್ಟು, ಬಂಗಾರ ಅಡವಿಡಬೇಕೋ, ಯಾರಲ್ಲಾದರೂ ಕೈಗಡ ಕೇಳಬೇಕೋ. ಮೊದಲನೆಯ ಲೆಕ್ಕ ಗಟ್ಟಿಯಾಗಿ ನಡೆಯುತ್ತದೆ. ಎರಡನೆಯದು ರಾತ್ರಿ ಮಕ್ಕಳು ಮಲಗಿದ ಮೇಲೆ, ಅಡುಗೆಮನೆಯಲ್ಲಿ, ಸಣ್ಣ ದನಿಯಲ್ಲಿ ನಡೆಯುತ್ತದೆ.

ಈ ತಿಂಗಳು ನಾವು ಆ ಎರಡನೆಯ ಲೆಕ್ಕದ ಬಗ್ಗೆ ಬರೆಯುತ್ತಿದ್ದೇವೆ. ಅದರಲ್ಲೂ ದೇಶದ ಸೇನೆಯಲ್ಲಿ ದುಡಿದು ಬಂದವರ ಮನೆಗಳ ಲೆಕ್ಕದ ಬಗ್ಗೆ. ಬಾಯ್ನಾ, ವಾಸ್ಕೊ ಸುತ್ತಮುತ್ತ ಇರುವ ನಮ್ಮ ಕನ್ನಡದ ಕುಟುಂಬಗಳಲ್ಲಿ ಬಂದರಿನ ಕೆಲಸದವರು, ಹಡಗುಕಟ್ಟೆಯವರು, ಗಾರೆ ಕೆಲಸದವರು, ಮೀನು ವ್ಯಾಪಾರದವರು ಇದ್ದಾರೆ. ಅವರ ನಡುವೆ ನೌಕಾಪಡೆಯಿಂದಲೋ ಭೂಸೇನೆಯಿಂದಲೋ ನಿವೃತ್ತರಾಗಿ ಇಲ್ಲೇ ನೆಲೆ ನಿಂತವರೂ ಇದ್ದಾರೆ. ದಾಬೋಲಿಯ ಐಎನ್ಎಸ್ ಹಂಸ ನೌಕಾನೆಲೆ 1964ರಲ್ಲಿ ಕೊಯಮತ್ತೂರಿನಿಂದ ಇಲ್ಲಿಗೆ ಬಂದಾಗಿನಿಂದ ವಾಸ್ಕೊ ಊರು ಸಮವಸ್ತ್ರದವರ ಊರೂ ಆಗಿದೆ. ಇತ್ತ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಅಲ್ಲಿಂದ ಪಿಂಚಣಿ ಪಡೆದು, ಗೋವಾಕ್ಕೆ ಬಂದು ಸೆಕ್ಯುರಿಟಿ ಕೆಲಸ ಹಿಡಿದವರು ಎಷ್ಟೋ ಮಂದಿ.

ಇಂಥ ಮನೆಗಳಲ್ಲಿ ಕೇಳಿ ನೋಡಿ. ಕ್ಯಾಂಟೀನ್ ಕಾರ್ಡು ಎಲ್ಲರಿಗೂ ಗೊತ್ತು. ಆಸ್ಪತ್ರೆಗೆ ಬೇಕಾಗುವ ಇಸಿಎಚ್ಎಸ್ ಕಾರ್ಡು ಬಹಳ ಜನರಿಗೆ ಗೊತ್ತು. ಆದರೆ ಮಕ್ಕಳ ಕಾಲೇಜು ಓದಿಗೆ ಸಿಗುವ ನೆರವು ಗೊತ್ತಿರುವವರು ಕಡಿಮೆ. ಗೊತ್ತಿದ್ದವರಲ್ಲಿಯೂ ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿದವರು ಇನ್ನೂ ಕಡಿಮೆ.

ಯಾರಿಗೆ ಮಾಜಿ ಸೈನಿಕರೆನ್ನುತ್ತಾರೆ?

ಮೊದಲು ಈ ವಿಷಯ ಸ್ಪಷ್ಟವಾಗಬೇಕು. ನೌಕಾನೆಲೆಯ ಗೇಟಿನೊಳಗೆ ಕೆಲಸ ಮಾಡಿದವರೆಲ್ಲ ಮಾಜಿ ಸೈನಿಕರಲ್ಲ. ಅಲ್ಲಿ ಸಿವಿಲಿಯನ್ ನೌಕರರಾಗಿ ಫಿಟ್ಟರ್, ಗುಮಾಸ್ತ, ತೋಟದ ಕೆಲಸ ಮಾಡಿದವರಿಗೆ ಸರ್ಕಾರಿ ನೌಕರರ ಸವಲತ್ತುಗಳು ಬೇರೆ ಇರುತ್ತವೆ. ಗೋವಾ ಶಿಪ್‌ಯಾರ್ಡ್ ನೌಕಾಪಡೆಗೆ ಹಡಗು ಕಟ್ಟಿದರೂ ಅದರ ಕಾರ್ಮಿಕರು ಈ ಪಟ್ಟಿಗೆ ಸೇರುವುದಿಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆಗಳಲ್ಲಿ ಸಮವಸ್ತ್ರ ತೊಟ್ಟು ಸೇವೆ ಮಾಡಿ ಪಿಂಚಣಿಯೊಂದಿಗೆ ಬಂದವರು, ಒಪ್ಪಂದದ ಅವಧಿ ಪೂರೈಸಿ ನಿಯಮದಂತೆ ಬಿಡುಗಡೆಯಾದವರು ಮಾಜಿ ಸೈನಿಕರು. ಸಿಆರ್‌ಪಿಎಫ್, ಬಿಎಸ್ಎಫ್ ಮುಂತಾದ ಪಡೆಗಳು ಗೃಹ ಇಲಾಖೆಯ ಕೆಳಗೆ ಬರುತ್ತವೆ. ಅವರ ಮಕ್ಕಳಿಗೂ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ, ಆದರೆ ಅದರ ಬಾಗಿಲು ಬೇರೆ. ತಟರಕ್ಷಕ ಪಡೆಯಿಂದ, ಅಂದರೆ ಕೋಸ್ಟ್ ಗಾರ್ಡ್‌ನಿಂದ ನಿವೃತ್ತರಾದವರ ಮಕ್ಕಳನ್ನು ಮಾತ್ರ ಮಾಜಿ ಸೈನಿಕರ ಮಕ್ಕಳ ಜೊತೆಯಲ್ಲೇ ಪರಿಗಣಿಸುತ್ತಾರೆ.

ಈ ಎಲ್ಲ ಕೆಲಸವನ್ನು ನೋಡಿಕೊಳ್ಳುವುದು ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿ. ಅದರ ಕೆಳಗೆ ರಾಜ್ಯಗಳಲ್ಲಿ ರಾಜ್ಯ ಸೈನಿಕ ಮಂಡಳಿ, ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಕಚೇರಿಗಳಿವೆ. ಗೋವಾದವರಿಗೆ ಪಣಜಿಯ ಕಚೇರಿ. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗಳು. ಪ್ರತಿ ವರ್ಷ ಡಿಸೆಂಬರ್ 7ರಂದು ಶಾಲೆಗಳಲ್ಲಿ ಸಣ್ಣ ಧ್ವಜ ಕೊಟ್ಟು ಹತ್ತಿಪ್ಪತ್ತು ರೂಪಾಯಿ ಸಂಗ್ರಹಿಸುತ್ತಾರಲ್ಲ, ಅದು 1949ರಿಂದ ನಡೆದು ಬಂದ ಸಶಸ್ತ್ರ ಪಡೆಗಳ ಧ್ವಜ ದಿನ. ನಮ್ಮ ಮಕ್ಕಳು ಹಾಕಿದ ಆ ಹಣ ಸೇರುವ ನಿಧಿಯಿಂದಲೇ ಮಾಜಿ ಸೈನಿಕರ ಮನೆಗಳಿಗೆ ನೆರವು ಹೋಗುತ್ತದೆ. ಆದ್ದರಿಂದ ಇದನ್ನು ಕೇಳುವುದಕ್ಕೆ ಯಾರೂ ಸಂಕೋಚ ಪಡಬೇಕಾಗಿಲ್ಲ.

ಪ್ರಧಾನಮಂತ್ರಿ ವಿದ್ಯಾರ್ಥಿವೇತನ

ಇವುಗಳಲ್ಲಿ ದೊಡ್ಡದು 2006-07ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆ. ಅಧಿಕಾರಿ ದರ್ಜೆಗಿಂತ ಕೆಳಗಿನ ಮಾಜಿ ಸೈನಿಕರ ಮತ್ತು ಮಾಜಿ ತಟರಕ್ಷಕರ ಮಕ್ಕಳಿಗೆ, ಅವರ ವಿಧವೆಯರಿಗೆ ಇದು ಸಲ್ಲುತ್ತದೆ. ವರ್ಷಕ್ಕೆ 5,500 ಹೊಸ ವಿದ್ಯಾರ್ಥಿಗಳನ್ನು ಆರಿಸುತ್ತಾರೆ. ಅದರಲ್ಲಿ ಅರ್ಧ ಗಂಡುಮಕ್ಕಳಿಗೆ, ಅರ್ಧ ಹೆಣ್ಣುಮಕ್ಕಳಿಗೆ. 2019-20ರಿಂದ ಗಂಡುಮಕ್ಕಳಿಗೆ ತಿಂಗಳಿಗೆ 2,500 ರೂಪಾಯಿ, ಹೆಣ್ಣುಮಕ್ಕಳಿಗೆ 3,000 ರೂಪಾಯಿ ನಿಗದಿಯಾಯಿತು. ಹಣ ತಿಂಗಳು ತಿಂಗಳು ಬರುವುದಿಲ್ಲ. ವರ್ಷಕ್ಕೊಮ್ಮೆ ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬೀಳುತ್ತದೆ.

ಈ ದರದಲ್ಲಿ ಲೆಕ್ಕ ಹಾಕಿ. ಮಗಳು ನಾಲ್ಕು ವರ್ಷದ ಎಂಜಿನಿಯರಿಂಗ್ ಓದಿದರೆ ವರ್ಷಕ್ಕೆ 36,000ದಂತೆ ಒಟ್ಟು 1,44,000 ರೂಪಾಯಿ. ಮಗನಾದರೆ 1,20,000. ಖಾಸಗಿ ಕಾಲೇಜಿನ ಪೂರ್ತಿ ಖರ್ಚು ಇದರಿಂದ ತೀರುವುದಿಲ್ಲ, ನಿಜ. ಆದರೆ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಓದುವ ಮಗುವಿನ ಮನೆಯಲ್ಲಿ ಅಡವಿಟ್ಟ ಬಂಗಾರ ಉಳಿಸುವಷ್ಟು ಹಣ ಇದು.

ಷರತ್ತುಗಳನ್ನು ಗಮನವಿಟ್ಟು ಓದಿ. ಒಂದು, ಕೋರ್ಸು ವೃತ್ತಿಪರವಾಗಿರಬೇಕು: ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯ, ಫಾರ್ಮಸಿ, ಬಿ.ಎಡ್., ಬಿಬಿಎ, ಬಿಸಿಎ ಇಂಥವು. ಸ್ನಾತಕೋತ್ತರದಲ್ಲಿ ಎಂಬಿಎ, ಎಂಸಿಎಗಳಿಗೆ ಅವಕಾಶವಿದೆ. ಸಾಮಾನ್ಯ ಬಿ.ಎ., ಬಿ.ಕಾಂ.ಗೆ ಇಲ್ಲ. ಎರಡು, ಕೋರ್ಸಿಗೆ ಬೇಕಾದ ಅರ್ಹತಾ ಪರೀಕ್ಷೆಯಲ್ಲಿ ಶೇಕಡಾ 60 ಅಂಕ ಇರಬೇಕು. ಎಂಜಿನಿಯರಿಂಗಿಗೆ ಹನ್ನೆರಡನೆಯ ತರಗತಿಯ ಅಂಕ, ಬಿ.ಎಡ್.ಗೆ ಪದವಿಯ ಅಂಕ. ಮೂರು, ದೂರಶಿಕ್ಷಣಕ್ಕೂ ವಿದೇಶದ ಓದಿಗೂ ಇದು ಸಿಗುವುದಿಲ್ಲ. ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು: ಅರ್ಜಿಯನ್ನು ಕೋರ್ಸಿನ ಮೊದಲ ವರ್ಷದಲ್ಲೇ ಹಾಕಬೇಕು. ಎರಡನೆಯ ವರ್ಷದಲ್ಲಿ ನೆನಪಾಗಿ ಹೋದರೆ ಬಾಗಿಲು ಮುಚ್ಚಿರುತ್ತದೆ. ಒಮ್ಮೆ ಮಂಜೂರಾದ ಮೇಲೆ ಪ್ರತಿ ವರ್ಷ ಶೇಕಡಾ 50ಕ್ಕೆ ಕಡಿಮೆಯಾಗದಂತೆ ಪಾಸಾಗಿ ನವೀಕರಣ ಮಾಡಿಸಬೇಕು.

ಆಯ್ಕೆಗೆ ಒಂದು ಕ್ರಮವಿದೆ. ಯುದ್ಧದಲ್ಲಿ ಮಡಿದವರ ಮನೆಯವರು ಮೊದಲು, ಯುದ್ಧದಲ್ಲಿ ಅಂಗವಿಕಲರಾದವರ ಮಕ್ಕಳು ನಂತರ. ಆಮೇಲೆ ಸೇವೆಯ ಕಾರಣದಿಂದ ತೀರಿಕೊಂಡವರ, ಅಂಗವಿಕಲರಾದವರ ಮಕ್ಕಳು, ಶೌರ್ಯಪ್ರಶಸ್ತಿ ಪಡೆದವರ ಮಕ್ಕಳು. ಕೊನೆಗೆ ಉಳಿದ ಎಲ್ಲ ಮಾಜಿ ಸೈನಿಕರ ಮಕ್ಕಳು. ನಮ್ಮಲ್ಲಿ ಹೆಚ್ಚಿನವರು ಈ ಕೊನೆಯ ಗುಂಪಿನವರು. ಅಲ್ಲಿ ಅಂಕದ ಪೈಪೋಟಿ ಇರುತ್ತದೆ, ಶೇಕಡಾ 60 ಅರ್ಜಿ ಹಾಕಲು ಸಾಕು, ಗೆಲ್ಲಲು ಸಾಲದು. ಹನ್ನೆರಡನೆಯ ತರಗತಿಯ ಮಕ್ಕಳಿಗೆ ಇದನ್ನು ಮೊದಲೇ ಹೇಳುವುದು ಒಳ್ಳೆಯದು.

ಒಂದು ಅಕ್ಷರದ ಬೆಲೆ

ಬಾಯ್ನಾದ ಒಂದು ಮನೆಯ ಸಂಗತಿ ಹೇಳುತ್ತೇವೆ. ಮನೆಯೊಡೆಯ ಭೂಸೇನೆಯಲ್ಲಿ ನಾಯಕ್ ಹುದ್ದೆಯವರೆಗೆ ದುಡಿದು, ಪಿಂಚಣಿ ಪಡೆದು, ವಾಸ್ಕೊದಲ್ಲಿ ಕಾವಲು ಕೆಲಸ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ತಾಯಿ ಮಕ್ಕಳಿಬ್ಬರನ್ನು ಕಷ್ಟಪಟ್ಟು ಓದಿಸಿದರು. ಮಗಳಿಗೆ ಹನ್ನೆರಡರಲ್ಲಿ ಒಳ್ಳೆಯ ಅಂಕ ಬಂತು, ಬಿಸಿಎ ಸೀಟೂ ಸಿಕ್ಕಿತು. ಯಾರೋ ಪುಣ್ಯಾತ್ಮರು ವಿದ್ಯಾರ್ಥಿವೇತನದ ವಿಷಯ ಹೇಳಿದರು. ಕಾಗದಪತ್ರ ತೆಗೆದು ನೋಡಿದಾಗ ಗೊತ್ತಾದದ್ದು: ತಂದೆಯ ಸೇವಾ ದಾಖಲೆಯಲ್ಲಿ ಮಗಳ ಹೆಸರು ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಶಾಲೆಯ ದಾಖಲೆಯಲ್ಲಿ ಜ್ಞಾನಸ್ನಾನದ ಹೆಸರು. ಹುಟ್ಟಿದ ದಿನಾಂಕವೂ ಒಂದು ತಿಂಗಳು ಹಿಂದೆಮುಂದೆ. ಎರಡೂ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು. ಆದರೆ ಕಾಗದಕ್ಕೆ ಗೊತ್ತಿಲ್ಲ.

ತಿದ್ದುಪಡಿಗೆ ಅಫಿಡವಿಟ್ ಮಾಡಿಸಿ, ದಾಖಲಾತಿ ಕಚೇರಿಗೆ ಕಳುಹಿಸಿ, ಉತ್ತರ ಬರುವ ಹೊತ್ತಿಗೆ ಆ ವರ್ಷದ ಕೊನೆಯ ದಿನಾಂಕ ದಾಟಿಹೋಗಿತ್ತು. ಮರುವರ್ಷ ಆಕೆ ಎರಡನೆಯ ವರ್ಷದ ವಿದ್ಯಾರ್ಥಿನಿ. ನಿಯಮ ನಿಯಮವೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರು ವರ್ಷದ 1,08,000 ರೂಪಾಯಿ ಒಂದು ಹೆಸರಿನ ಗೊಂದಲದಲ್ಲಿ ಹೋಯಿತು.

"ಅವರಿದ್ದಾಗ ಈ ಪುಸ್ತಕ ಒಮ್ಮೆನೂ ತೆಗೆದು ನೋಡ್ಲಿಲ್ರೀ. ಟ್ರಂಕಿನ್ಯಾಗ ಭದ್ರ ಐತಿ ಅಂತ ಸುಮ್ಮನಿದ್ವಿ," ಎಂದರು ಆ ತಾಯಿ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಗಳ ಹೆಸರಿನ ಜೊತೆಗೇ ತಮ್ಮನ ಹೆಸರನ್ನೂ ಸರಿಪಡಿಸಿಕೊಂಡರು. ಅವನು ಎಂಜಿನಿಯರಿಂಗ್ ಸೇರಿದ ವರ್ಷ ಎಲ್ಲ ಕಾಗದವೂ ಸಿದ್ಧವಿತ್ತು, ಅರ್ಜಿ ಮಂಜೂರಾಯಿತು. "ನನ್ನ ಹೆಸರಿಗೆ ಆಗ್ಲಿಲ್ಲ, ಅವನಿಗಾದ್ರೂ ಆತಲ್ಲ ಬಿಡ್ರಿ," ಎಂದು ಅಕ್ಕ ನಕ್ಕಳು. ಆ ನಗುವಿನಲ್ಲಿ ಸಂತೋಷವೂ ಇತ್ತು, ಸ್ವಲ್ಪ ನೋವೂ ಇತ್ತು. ಅಂಥ ನಗು ಇನ್ನೊಂದು ಮನೆಯಲ್ಲಿ ಬೇಡ ಎಂದೇ ನಾವು ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಚಿಕ್ಕ ನೆರವು, ಆದರೆ ಬಿಡಬೇಡಿ

ಆ ಮಗಳಿಗೆ ಇನ್ನೊಂದು ದಾರಿ ತೆರೆದಿತ್ತು. ರಕ್ಷಣಾ ಮಂತ್ರಿಯವರ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ ಶಿಕ್ಷಣ ಸಹಾಯಧನ ಸಿಗುತ್ತದೆ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ಹುದ್ದೆಯ, ನೌಕಾಪಡೆ ಮತ್ತು ವಾಯುಪಡೆಗಳಲ್ಲಿ ಅದಕ್ಕೆ ಸಮನಾದ ಹುದ್ದೆಯ ಮಾಜಿ ಸೈನಿಕರ ಇಬ್ಬರು ಮಕ್ಕಳಿಗೆ, ಒಂದನೆಯ ತರಗತಿಯಿಂದ ಪದವಿ ಮುಗಿಯುವವರೆಗೆ. ಇಲ್ಲಿ ಕೋರ್ಸು ವೃತ್ತಿಪರವೇ ಆಗಬೇಕೆಂದಿಲ್ಲ, ಬಿ.ಎ., ಬಿ.ಕಾಂ. ಓದುವವರಿಗೂ ಉಂಟು. ಎರಡು ವರ್ಷದ ಸ್ನಾತಕೋತ್ತರ ಓದಲು ಮನಸ್ಸು ಮಾಡಿದ ವಿಧವೆಯರಿಗೂ ಉಂಟು.

ಈ ಸಹಾಯಧನ ಬಹಳ ವರ್ಷ ತಿಂಗಳಿಗೆ 1,000 ರೂಪಾಯಿ ಇತ್ತು. 2025ರ ಅಕ್ಟೋಬರಿನಲ್ಲಿ ಅದನ್ನು ಇಮ್ಮಡಿ ಮಾಡಿ 2,000 ರೂಪಾಯಿಗೆ ಏರಿಸಿದರು. 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ಹೊಸ ದರ. ಅಂದರೆ ಮಗುವಿಗೆ ವರ್ಷಕ್ಕೆ 24,000 ರೂಪಾಯಿ. ಹಳೆಯ ದರ ಕೇಳಿ "ಇಷ್ಟಕ್ಕೆ ಪಣಜಿಗೆ ಓಡಾಡುವುದೇ?" ಎಂದು ಬಿಟ್ಟವರು ಈಗ ಮತ್ತೊಮ್ಮೆ ಯೋಚಿಸಬೇಕು. ಬೇರೆ ಕಡೆಯಿಂದ ಅದೇ ಮಗುವಿಗೆ ಸರ್ಕಾರದ ಶಿಕ್ಷಣ ಭತ್ಯೆ ಬರುತ್ತಿದ್ದರೆ ಅರ್ಜಿಯಲ್ಲಿ ಅದನ್ನು ಮುಚ್ಚಿಡದೆ ಬರೆಯಿರಿ.

ಇನ್ನು, ಯುದ್ಧದಲ್ಲಿ ಅಥವಾ ಕಾರ್ಯಾಚರಣೆಯಲ್ಲಿ ಮಡಿದವರ, ಕಾಣೆಯಾದವರ, ಶಾಶ್ವತ ಅಂಗವಿಕಲರಾದವರ ಮಕ್ಕಳಿಗೆ ಬೇರೆಯದೇ ಯೋಜನೆಯಿದೆ. 1971ರ ಯುದ್ಧದ ನಂತರ ಆರಂಭವಾದ ಈ ಯೋಜನೆ ಮಕ್ಕಳ ಬೋಧನಾ ಶುಲ್ಕ, ಹಾಸ್ಟೆಲ್ ಶುಲ್ಕಗಳನ್ನು ಹಿಂದಿರುಗಿಸುತ್ತದೆ. 2017ರಲ್ಲಿ ಇದಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿದ್ದರು. ದೇಶದೆಲ್ಲೆಡೆ ಅಸಮಾಧಾನ ವ್ಯಕ್ತವಾದ ಮೇಲೆ 2018ರ ಮಾರ್ಚಿನಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ಸರ್ಕಾರಿ, ಅನುದಾನಿತ ಅಥವಾ ಸರ್ಕಾರದ ಮಾನ್ಯತೆ ಇರುವ ಸಂಸ್ಥೆಯಲ್ಲಿ ಓದುತ್ತಿರಬೇಕು ಎಂಬುದು ಷರತ್ತು.

ಗೋವಾವೋ ಕರ್ನಾಟಕವೋ?

ಬಾಯ್ನಾದ ಕನ್ನಡಿಗರಿಗೆ ಇದು ಹಳೆಯ ಪ್ರಶ್ನೆ. ಇಲ್ಲಿ ಹೊರಗಿನವರು, ಊರಿಗೆ ಹೋದರೆ ಗೋವಾದವರು. 2004ರ ಜೂನ್‌ನಲ್ಲಿ ಬಾಯ್ನಾ ಕಡಲತಡಿಯ ನೂರಾರು ಮನೆಗಳನ್ನು ಕೆಡವಿದ ಮೇಲೆ ವಿಳಾಸ ಬದಲಾದ ಕುಟುಂಬಗಳಿಗೆ ನಿವಾಸದ ದಾಖಲೆ ಎಂದರೆ ಎಷ್ಟು ದೊಡ್ಡ ಮಾತು ಎಂಬುದನ್ನು ನಾವು ಹೇಳಬೇಕಾಗಿಲ್ಲ.

ಕಾಲೇಜು ಸೀಟಿನ ವಿಷಯದಲ್ಲಿ ಮಾಜಿ ಸೈನಿಕರ ಮಕ್ಕಳಿಗೆ ಒಂದು ಅನುಕೂಲವಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಸಾಮಾನ್ಯವಾಗಿ ಕರ್ನಾಟಕದಲ್ಲೇ ಏಳು ವರ್ಷ ಓದಿರಬೇಕು ಎನ್ನುತ್ತಾರೆ. ಆದರೆ ತಂದೆ ಸೇನೆಗೆ ಸೇರುವಾಗ ತನ್ನ ಸ್ವಂತ ಊರು ಕರ್ನಾಟಕದಲ್ಲಿದೆ ಎಂದು ಬರೆಸಿದ್ದರೆ, ಮಕ್ಕಳು ಬೇರೆ ರಾಜ್ಯದಲ್ಲಿ ಓದಿದ್ದರೂ ಅರ್ಹರಾಗುವ ದಾರಿ ನಿಯಮದಲ್ಲಿದೆ. ಅದರ ಜೊತೆಗೆ ರಕ್ಷಣಾ ಸಿಬ್ಬಂದಿಯ ಮಕ್ಕಳು ಮತ್ತು ಮಾಜಿ ಸೈನಿಕರ ಮಕ್ಕಳು ಎಂಬ ವಿಶೇಷ ವಿಭಾಗಗಳೂ ಇವೆ. ಗದಗ ಜಿಲ್ಲೆಯ ತಂದೆ, ವಾಸ್ಕೊದಲ್ಲಿ ಹನ್ನೆರಡು ವರ್ಷ ಓದಿದ ಮಗಳು, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜು: ಇದು ಆಗದ ಮಾತಲ್ಲ. ಸಿಇಟಿ ಅರ್ಜಿ ತುಂಬುವಾಗಲೇ ಸರಿಯಾದ ವಿಭಾಗವನ್ನು ಗುರುತು ಮಾಡಬೇಕು. ಫಲಿತಾಂಶ ಬಂದ ಮೇಲೆ ನೆನಪಾದರೆ ತಡವಾಗುತ್ತದೆ.

ಗೋವಾದಲ್ಲೇ ಓದಿಸುವವರು ತಾಂತ್ರಿಕ ಶಿಕ್ಷಣ ನಿರ್ದೇಶನಾಲಯದ ಪ್ರವೇಶ ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಮೀಸಲು ವಿಭಾಗಗಳು, ಗೋವಾದಲ್ಲಿ ಎಷ್ಟು ವರ್ಷ ವಾಸವಿರಬೇಕು ಎಂಬ ನಿಯಮ ಎರಡೂ ಅದರಲ್ಲೇ ಇರುತ್ತವೆ. ಒಂದು ಸಮಾಧಾನದ ಸಂಗತಿ ಏನೆಂದರೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇಡೀ ದೇಶದ್ದು. ಕಾಲೇಜು ಗೋವಾದಲ್ಲಿರಲಿ, ಧಾರವಾಡದಲ್ಲಿರಲಿ ವ್ಯತ್ಯಾಸವಿಲ್ಲ. ಆದರೆ ತಂದೆಯ ಹೆಸರು ಯಾವ ಸೈನಿಕ ಕಲ್ಯಾಣ ಕಚೇರಿಯಲ್ಲಿ ನೋಂದಣಿಯಾಗಿದೆಯೋ ಆ ಕಚೇರಿಯ ಮೂಲಕವೇ ಅರ್ಜಿ ಹೋಗಬೇಕು. ನಿವೃತ್ತರಾದಾಗ ವಿಜಯಪುರದಲ್ಲೋ ಬೆಳಗಾವಿಯಲ್ಲೋ ನೋಂದಣಿ ಮಾಡಿಸಿ ಇಪ್ಪತ್ತು ವರ್ಷದಿಂದ ಬಾಯ್ನಾದಲ್ಲಿ ಇರುವವರು ಈ ವಿಷಯ ಗಮನಿಸಿ. ಒಂದೋ ಅಲ್ಲಿಗೇ ಹೋಗಿ ಕೆಲಸ ಮಾಡಿಸಿಕೊಳ್ಳಿ, ಇಲ್ಲವೇ ಮೊದಲೇ ಪಣಜಿಗೆ ದಾಖಲೆ ವರ್ಗಾಯಿಸಿಕೊಳ್ಳಿ. ಅರ್ಜಿಯ ಕೊನೆಯ ವಾರದಲ್ಲಿ ಎರಡೂ ಕಷ್ಟ.

ಸೈನಿಕರ ಸ್ವಂತ ಓದು

ಇಲ್ಲಿಯವರೆಗೆ ಮಕ್ಕಳ ಮಾತಾಯಿತು. ಸೈನಿಕರೇ ಓದುವುದು ಬೇಡವೇ?

ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ ಅಮೆರಿಕ ಈ ಪ್ರಶ್ನೆಗೆ ಉತ್ತರ ಹುಡುಕಿತು. 1944ರ ಜೂನ್ 22ರಂದು ಅಧ್ಯಕ್ಷ ರೂಸ್ವೆಲ್ಟ್ ಸಹಿ ಹಾಕಿದ, ಜನ ಜಿಐ ಬಿಲ್ ಎಂದು ಕರೆದ ಕಾನೂನು ಯುದ್ಧದಿಂದ ಮರಳಿದವರ ಕಾಲೇಜು ಶುಲ್ಕವನ್ನು ಸರ್ಕಾರವೇ ಕಟ್ಟುವಂತೆ ಮಾಡಿತು. 1947ರಲ್ಲಿ ಅಲ್ಲಿ ಕಾಲೇಜು ಸೇರಿದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಮಾಜಿ ಯೋಧರು. 1956ರ ಹೊತ್ತಿಗೆ ಸುಮಾರು 22 ಲಕ್ಷ ಮಂದಿ ಇದರಿಂದ ಕಾಲೇಜು ಓದಿದ್ದರು. 2008ರಲ್ಲಿ ಬಂದ ಹೊಸ ಕಾನೂನಿನಂತೆ, ನಿಗದಿತ ವರ್ಷ ಸೇವೆ ಮಾಡಿದವರು ತಮ್ಮ ಸವಲತ್ತನ್ನು ಪತಿ, ಪತ್ನಿ ಅಥವಾ ಮಕ್ಕಳಿಗೆ ವರ್ಗಾಯಿಸಲೂ ಬಹುದು. ಅಲ್ಲಿ ಮೊದಲು ಯೋಧನ ಓದು, ಆಮೇಲೆ ಮನೆಯವರದು.

ನಮ್ಮಲ್ಲಿ ಹಾಗಲ್ಲ. ನಮ್ಮ ಸಿಪಾಯಿ ಹತ್ತು ಅಥವಾ ಹನ್ನೆರಡು ಓದಿ ಸೇರುತ್ತಾನೆ, ಹದಿನೈದು ಇಪ್ಪತ್ತು ವರ್ಷ ದುಡಿದು ನಲವತ್ತರ ಆಸುಪಾಸಿನಲ್ಲಿ ಮನೆಗೆ ಬರುತ್ತಾನೆ. ಆಗ ಅವನ ಕೈಗೆ ಪಿಂಚಣಿ, ಮಕ್ಕಳ ಕೈಗೆ ವಿದ್ಯಾರ್ಥಿವೇತನ ಎಂಬುದು ಇಲ್ಲಿನ ಏರ್ಪಾಡು. ತಾನು ಓದಬೇಕೆನ್ನುವವನು ತನ್ನ ದಾರಿಯನ್ನು ತಾನೇ ಹುಡುಕಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಹತ್ತನೆಯ ತರಗತಿ ಪಾಸಾಗಿ 15 ವರ್ಷ ಸೇವೆ ಮುಗಿಸಿದವರಿಗೆ ಸೇನೆಯಿಂದ ಪದವಿಗೆ ಸಮಾನ ಎಂಬ ಪ್ರಮಾಣಪತ್ರ ಸಿಗುತ್ತದೆ. 1986ರ ಸರ್ಕಾರಿ ಆದೇಶದಂತೆ, ಪದವಿ ಕೇಳುವ ಕೇಂದ್ರದ ಸಿ ಗುಂಪಿನ ಹುದ್ದೆಗಳಿಗೆ ಅರ್ಜಿ ಹಾಕಲು ಅದು ನಡೆಯುತ್ತದೆ. ಆದರೆ ಅದು ವಿಶ್ವವಿದ್ಯಾಲಯದ ಪದವಿಯಲ್ಲ. ಅದನ್ನು ಹಿಡಿದುಕೊಂಡು ಎಂ.ಎ.ಗೋ ಬಿ.ಎಡ್.ಗೋ ಸೇರಲು ಹೋದರೆ ನಿರಾಶೆಯಾಗುತ್ತದೆ. ಮುಂದೆ ಓದುವ ಮನಸ್ಸಿದ್ದರೆ ನಿಜವಾದ ಪದವಿಯನ್ನೇ ಪಡೆಯಬೇಕು.

ಅದಕ್ಕೆ ಗೋವಾದಲ್ಲಿದ್ದವರಿಗೆ ಸುಲಭದ ದಾರಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೊ. 1985ರಲ್ಲಿ ಆರಂಭವಾದ ಇದಕ್ಕೆ ಇಡೀ ದೇಶದಲ್ಲಿ ಕೇಂದ್ರಗಳಿವೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ವ್ಯಾಪ್ತಿ ಕರ್ನಾಟಕಕ್ಕೆ ಸೀಮಿತ. ಸೇವೆಯ ಕೊನೆಯ ಅವಧಿಯಲ್ಲಿ ಪುನರ್ವಸತಿ ಮಹಾನಿರ್ದೇಶನಾಲಯ ನಡೆಸುವ ತರಬೇತಿಗಳೂ ಇವೆ. ಸಿಪಾಯಿ, ನಾವಿಕರಿಗೆ ಅದರ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ನಿವೃತ್ತಿಯ ಹಿಂದಿನ ವರ್ಷದಲ್ಲೇ ಕೇಳಿಕೊಳ್ಳಬೇಕು. ಮನೆಗೆ ಬಂದ ಮೇಲೆ ಹುಡುಕುವುದಕ್ಕಿಂತ ಅದು ಮೇಲು.

ಅಗ್ನಿವೀರರ ತಂದೆತಾಯಿಯರಿಗೆ

2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯಿಂದ ಈ ಹಳೆಯ ಏರ್ಪಾಡು ಬದಲಾಗಿದೆ. ಈಗ ಸೇರುವ ಹುಡುಗ ಹುಡುಗಿಯರು ನಾಲ್ಕು ವರ್ಷಕ್ಕೆ ಸೇರುತ್ತಾರೆ. ಅವರಲ್ಲಿ ಹೆಚ್ಚೆಂದರೆ ನಾಲ್ಕನೇ ಒಂದು ಭಾಗ ಮುಂದುವರಿಯಬಹುದು. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯೊಂದಿಗೆ ಹೊರಬರುತ್ತಾರೆ. ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ. ಆದ್ದರಿಂದ ಮೇಲೆ ಹೇಳಿದ ವಿದ್ಯಾರ್ಥಿವೇತನಗಳು ನಾಳೆ ಅವರ ಮಕ್ಕಳಿಗೆ ಸಿಗುತ್ತವೆ ಎಂದು ಲೆಕ್ಕ ಹಾಕಬೇಡಿ.

ಆದರೆ ಇಪ್ಪತ್ತೊಂದರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಹೊರಬರುವವರಿಗೆ ಮುಂದೆ ಇಡೀ ಬದುಕಿದೆ. ಅವರ ಕೈಯಲ್ಲಿ ಒಂದು ಪದವಿ ಇರಲೇಬೇಕು. ಇದಕ್ಕೆಂದೇ ಇಗ್ನೊ ಮೂರು ವರ್ಷದ ಕೌಶಲ ಆಧಾರಿತ ಪದವಿಯನ್ನು ರೂಪಿಸಿತು. ಸೇವೆಯಲ್ಲಿ ಪಡೆದ ತರಬೇತಿಗೆ ಅರ್ಧದಷ್ಟು ಅಂಕಗಣನೆ ಸಿಗುತ್ತದೆ, ಉಳಿದರ್ಧವನ್ನು ಓದಿ ಪಡೆಯಬೇಕು. ಹತ್ತನೆಯ ತರಗತಿಗೇ ಸೇರಿದವರು ಹನ್ನೆರಡು ಪೂರೈಸಲು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಅವಕಾಶವಿದೆ. ಮಗ ಅಥವಾ ಮಗಳು ರಜೆಗೆ ಬಂದಾಗ ಇಷ್ಟದ ಊಟ ಮಾಡಿ ಬಡಿಸುವುದರ ಜೊತೆಗೆ, "ಇಗ್ನೊ ಅರ್ಜಿ ಹಾಕಿದ್ಯೇನಪ್ಪ?" ಎಂದೂ ಕೇಳಿ. ನಾಲ್ಕು ವರ್ಷ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ. ಸೇವಾನಿಧಿ ಬಂದ ದಿನ ಬೈಕು, ಮನೆ, ತಂಗಿಯ ಮದುವೆ ಎಂದು ಹತ್ತು ಕೈಗಳು ಚಾಚುತ್ತವೆ. ಅದರಲ್ಲಿ ಒಂದು ಪಾಲನ್ನು ಓದಿಗೆಂದು ಮೊದಲೇ ಮಾತಾಡಿ ತೆಗೆದಿಡುವುದು ಜಾಣತನ.

ಈ ವಾರವೇ ಮಾಡಬಹುದಾದದ್ದು

ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಟ್ರಂಕು ತೆರೆಯಿರಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಮಾಜಿ ಸೈನಿಕರ ಗುರುತಿನ ಚೀಟಿ ಇವುಗಳನ್ನು ಹೊರತೆಗೆದು ಮಕ್ಕಳ ಹೆಸರು, ಹುಟ್ಟಿದ ದಿನಾಂಕಗಳನ್ನು ಶಾಲೆಯ ದಾಖಲೆ ಮತ್ತು ಆಧಾರ್ ಜೊತೆಗೆ ಅಕ್ಷರ ಅಕ್ಷರ ಹೋಲಿಸಿ. ಜ್ಞಾನಸ್ನಾನದ ಹೆಸರು, ಮನೆಯ ಹೆಸರು, ಅಡ್ಡಹೆಸರು ಬೇರೆ ಬೇರೆ ಇರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಪತ್ನಿಯ ಹೆಸರನ್ನೂ ನೋಡಿ. ನಾಳೆ ಏನಾದರೂ ಆದರೆ ಆಕೆಯ ಪಿಂಚಣಿಗೂ ಅದೇ ಆಧಾರ.

ವ್ಯತ್ಯಾಸವಿದ್ದರೆ ಮಗು ಒಂಬತ್ತು ಹತ್ತನೆಯ ತರಗತಿಯಲ್ಲಿ ಇರುವಾಗಲೇ ಸರಿಪಡಿಸಿ. ಸೈನಿಕ ಕಲ್ಯಾಣ ಕಚೇರಿಯವರು ದಾರಿ ತೋರಿಸುತ್ತಾರೆ. ದಾಖಲೆಗಳು ಇರುವುದು ಆಯಾ ದಾಖಲಾತಿ ಕಚೇರಿಯಲ್ಲಿ: ಮರಾಠಾ ದಳದವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರು, ನೌಕಾಪಡೆಯ ನಾವಿಕರಿಗೆ ಮುಂಬಯಿಯ ಮಾನ್‌ಖುರ್ದ್, ವಾಯುಪಡೆಯವರಿಗೆ ದೆಹಲಿ.

ಮಗು ಕಾಲೇಜು ಸೇರಿದ ಕೂಡಲೇ ಅದರ ಹೆಸರಿನಲ್ಲಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇರುವಂತೆ ನೋಡಿಕೊಳ್ಳಿ. ಕಾಲೇಜಿನಿಂದ ಬೋನಫೈಡ್ ಪತ್ರ, ಸೈನಿಕ ಕಲ್ಯಾಣ ಕಚೇರಿಯಿಂದ ಮಾಜಿ ಸೈನಿಕರ ಮಗು ಎಂಬ ಪ್ರಮಾಣಪತ್ರ ಎರಡೂ ನಿಗದಿತ ನಮೂನೆಯಲ್ಲೇ ಬೇಕು. ಅರ್ಜಿ ಹಾಕುವುದು ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ. ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪ್ರವೇಶ ಆದ ದಿನದಿಂದಲೇ ಅದರ ಮೇಲೆ ಕಣ್ಣಿಡಿ. ಅರ್ಜಿ ಹಾಕಿದ ಮೇಲೂ ಆಗಾಗ ತೆರೆದು ನೋಡಿ. ಏನಾದರೂ ಕೊರತೆ ಕಂಡರೆ ತಿದ್ದಲು ಕೇಳಿರುತ್ತಾರೆ, ನೋಡದವರ ಅರ್ಜಿ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಮಧ್ಯವರ್ತಿ ಬೇಡ. "ಇಷ್ಟು ಕೊಟ್ಟರೆ ಮಾಡಿಸಿಕೊಡುತ್ತೇನೆ" ಎನ್ನುವವರಿಗೆ ಓಟಿಪಿಯನ್ನಾಗಲಿ ಹಣವನ್ನಾಗಲಿ ಕೊಡಬೇಡಿ.

ಕಂಪ್ಯೂಟರ್ ಬಾರದ ತಾಯಂದಿರು ಹಿಂಜರಿಯುವುದು ಸಹಜ. ಇಲ್ಲಿ ನಮ್ಮ ಧರ್ಮಕೇಂದ್ರದ ಯುವಜನರಿಗೆ ಒಂದು ಕೆಲಸವಿದೆ. ವರ್ಷಕ್ಕೆ ಎರಡು ಭಾನುವಾರ, ಪೂಜೆಯ ನಂತರ ಸಭಾಂಗಣದಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತರೆ ಸಾಕು. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರಿಗೆ ಯಾವ ಮನೆಯಲ್ಲಿ ಸೈನಿಕರ ವಿಧವೆ ಇದ್ದಾರೆ, ಯಾರ ಮಗು ಈ ವರ್ಷ ಹನ್ನೆರಡರಲ್ಲಿದೆ ಎಂಬುದು ಗೊತ್ತಿರುತ್ತದೆ. ಯಾವ ಮತದವರೇ ಆಗಲಿ, ನೆರೆಮನೆಯವರನ್ನೂ ಕರೆಯಿರಿ. ಸೇನೆಯಲ್ಲಿ ಅವರ ತಂದೆಯರು ಒಂದೇ ತಟ್ಟೆಯಲ್ಲಿ ಉಂಡವರು.

ಹದಿನೇಳು ವರ್ಷ ಹಿಮದಲ್ಲೋ ಹಡಗಿನಲ್ಲೋ ಕಳೆದ ಮನುಷ್ಯ ಮಕ್ಕಳ ಬಾಲ್ಯವನ್ನು ನೋಡಿರುವುದಿಲ್ಲ. ಮೊದಲ ಹೆಜ್ಜೆ, ಮೊದಲ ಪರಮಪ್ರಸಾದ, ಶಾಲೆಯ ವಾರ್ಷಿಕೋತ್ಸವ ಎಲ್ಲವನ್ನೂ ಫೋಟೋದಲ್ಲಿ ಕಂಡಿರುತ್ತಾನೆ. ಆ ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು. ಆ ವರ್ಷಗಳ ಬದಲಿಗೆ ಮಕ್ಕಳ ಓದಿಗೆಂದು ಅವನು ಗಳಿಸಿಟ್ಟದ್ದನ್ನಾದರೂ ಪಡೆದುಕೊಳ್ಳುವುದು ಮನೆಯವರ ಕೈಯಲ್ಲಿದೆ. ಟ್ರಂಕಿನೊಳಗಿನ ಆ ಹಳೆಯ ಪುಸ್ತಕವನ್ನು ಇವತ್ತೇ ಒಮ್ಮೆ ತೆರೆದು ನೋಡಿ.